ಲಾಳಿಕೆ ಉಳಿವೆಪ್ಪನ ಎಣಿಕೆ

ಹಿರೇಬೆಂಡಿಗೇರಿಯ ಉಳಿವೆಪ್ಪನನ್ನು ನೋಡಿದವರಿಗೆ ಮೊದಲು ಕಾಣುತ್ತಿದ್ದದ್ದು ಅವನ ದಣಿವು. ನಲವತ್ತರ ಆಸುಪಾಸಿನ ಗಂಡಸು, ಮೈಯಲ್ಲಿ ಕಸುವಿತ್ತು, ನಾಲ್ಕೆಕರೆ ಎರೆಹೊಲವನ್ನು ಆಳಿನ ಹಂಗಿಲ್ಲದೆ ಒಬ್ಬನೇ ಹರಗುತ್ತಿದ್ದ. ಆದರೂ ಕಟ್ಟೆಯ ಮೇಲೆ ಕೂತನೆಂದರೆ ಹತ್ತೂರು ತಿರುಗಿ ಬಂದವನ ಹಾಗೆ ಕಣ್ಣು ಮುಚ್ಚಿಬಿಡುತ್ತಿದ್ದ. ಅವನ ಹೆಂಡತಿ ಕರೆವ್ವ ಬಾಯಿ ಜೋರಿನ ಹೆಂಗಸು, ಗಂಡನ ವಿಷಯ ಬಂದಾಗ ಮಾತ್ರ ದನಿ ತಗ್ಗಿಸುವಳು. ಅವಳು ಹೇಳುವಂತೆ ದಣಿದದ್ದು ಅವನ ಕೈಕಾಲಲ್ಲ, ಕಿವಿ. "ಕಣ್ಣಿಗರ ರೆಪ್ಪಿ ಅದಾವ, ಮುಚ್ಚಿಕೊಂಡ್ರ ಆತು. ಕಿವಿಗೆ ಏನೈತಿ ಹೇಳು?" ಎಂದು ಅವನು ಒಮ್ಮೆ ಅವಳನ್ನೇ ಕೇಳಿದ್ದನಂತೆ.

ಆ ಕಿವಿಯ ಕಥೆ ಶುರುವಾದದ್ದು ಯುದ್ಧದಲ್ಲಿ. ನಲವತ್ತೊಂದನೆಯ ಇಸವಿಯಲ್ಲಿ ಹತ್ತಿ ಅಂಡಿಗೆಯ ಗಾಡಿ ಹೊಡೆದುಕೊಂಡು ಹುಬ್ಬಳ್ಳಿಗೆ ಹೋದವನು ಮಿಲ್ಟ್ರಿಗೆ ಹೆಸರು ಕೊಟ್ಟು ಬಂದ. ಅಪ್ಪ ಮೂರು ದಿನ ಮಾತು ಬಿಟ್ಟ. ಮಿಲ್ಟ್ರಿಯ ಡಾಕ್ಟರು ಇವನ ಕಣ್ಣಿಗೆ ಬಟ್ಟೆ ಕಟ್ಟಿ, ಕೋಣೆಯ ಮೂಲೆ ಮೂಲೆಯಲ್ಲಿ ಗಡಿಯಾರ ಹಿಡಿದು "ಎಲ್ಲಿದೆ?" ಎಂದು ಕೇಳಿದರೆ ಇವನು ಬೆರಳು ಮಾಡಿದ್ದೆಲ್ಲ ಸರಿ. ಹಾಗಾಗಿ ಬಂದೂಕು ಸಿಗಲಿಲ್ಲ. ಮೂಡಣ ಸಮುದ್ರದ ಒಂದು ಬಂದರಿನ ಗುಡ್ಡದ ಮೇಲೆ, ದೊಡ್ಡ ದೊಡ್ಡ ತುತ್ತೂರಿಗಳನ್ನು ಆಕಾಶಕ್ಕೆ ತೆರೆದಿಟ್ಟಿದ್ದ ಒಂದು ಯಂತ್ರದ ಮುಂದೆ ಕೂರಿಸಿದರು. ತುತ್ತೂರಿಗಳಿಂದ ಬಂದ ರಬ್ಬರ್ ಕೊಳವೆಗಳನ್ನು ಎರಡು ಕಿವಿಗೂ ಸಿಕ್ಕಿಸಿಕೊಂಡು ವಿಮಾನದ ಸದ್ದು ಆಲಿಸುವುದು ಅವನ ಕೆಲಸ. ಸದ್ದು ಎಡಗಿವಿಗೆ ಮೊದಲು ತಾಗಿದರೆ ಚಕ್ರವನ್ನು ಎಡಕ್ಕೆ ತಿರುಗಿಸಬೇಕು, ಬಲಗಿವಿಗೆ ತಾಗಿದರೆ ಬಲಕ್ಕೆ. ತಿರುಗಿಸುತ್ತ ತಿರುಗಿಸುತ್ತ ಸದ್ದು ಎರಡೂ ಕಿವಿಯನ್ನು ಬಿಟ್ಟು ತಲೆಯ ನಟ್ಟನಡುವೆ ಬಂದು ಕೂರುತ್ತದೆ. ಆಗ ತುತ್ತೂರಿ ಯಾವ ಕಡೆ ಮುಖ ಮಾಡಿದೆಯೋ ವಿಮಾನ ಆ ಕಡೆಗಿದೆ ಎಂದು ಲೆಕ್ಕ. ಎಷ್ಟು ವಿಮಾನ ಎಂಬುದನ್ನೂ ಅವನೇ ಹೇಳಬೇಕಿತ್ತು.

ಎರಡು ವರ್ಷ ಅವನು ಹೇಳಿದ್ದು ತಪ್ಪಲಿಲ್ಲ. ಒಂದು ದಿನ ಬೆಳಿಗ್ಗೆ, ಸಮುದ್ರದ ಮೇಲೆ ಮಂಜು ಕವಿದಿತ್ತು, ಸದ್ದು ಬಂತು. ಚಕ್ರ ತಿರುಗಿಸಿದ. ಇಷ್ಟು ಚಂದವಾಗಿ ಸದ್ದು ನಡುವೆ ಕೂತದ್ದು ಹಿಂದೆಂದೂ ಇರಲಿಲ್ಲ. "ಒಂದು. ನಡುವೆ," ಎಂದು ಕೂಗಿದ. ಫಿರಂಗಿಗಳು ಅತ್ತ ತಿರುಗಿ ಮಂಜಿಗೆ ಗುಂಡು ಹಾಕಿದವು. ಅಲ್ಲಿ ಏನೂ ಇರಲಿಲ್ಲ. ಬಂದದ್ದು ಎರಡು ವಿಮಾನ, ಒಂದೇ ಜಾತಿಯವು, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಸಮದೂರದಲ್ಲಿ ಹಾರುತ್ತಿದ್ದವು. ಬಾಂಬು ಬಿದ್ದು ಬಂದರಿನ ಕಟ್ಟೆಯ ಮೇಲೆ ಮೂಟೆ ಹೊರುತ್ತಿದ್ದ ಹನ್ನೊಂದು ಜನ ಹೋದರು.

ಮೇಲಿನ ಸಾಹೇಬ ಒಳ್ಳೆಯ ಮನುಷ್ಯ. ಬೈಯಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದ: ಒಂದೇ ತರಹದ ಎರಡು ಸದ್ದು ಎಡಬಲಕ್ಕೆ ಸಮವಾಗಿ ಬಂದರೆ ಕಿವಿ ಎರಡನ್ನೂ ಕೂಡಿಸಿ ನಡುವೆ ಇಲ್ಲದ್ದೊಂದನ್ನು ಹುಟ್ಟಿಸುತ್ತದೆ, ಅನುಮಾನ ಬಂದರೆ ಜಾಗ ಬದಲಿಸಿ ಇನ್ನೊಮ್ಮೆ ಕೇಳಬೇಕು, ಆಗ ಗುಟ್ಟು ಬಯಲಾಗುತ್ತದೆ. ಅದಾಗಿ ನಾಲ್ಕು ತಿಂಗಳಿಗೆ ಅದೇ ಗುಡ್ಡಕ್ಕೆ ರಾಡಾರ್ ಬಂತು. ಅದಕ್ಕೆ ಕಿವಿ ಬೇಕಿರಲಿಲ್ಲ. ಅದು ತಾನೇ ಮೊದಲು ಕೂಗು ಹಾಕಿ, ತಾಗಿ ತಿರುಗಿ ಬಂದ ಕೂಗನ್ನು ನೋಡಿ, ಎಲ್ಲಿ, ಎಷ್ಟು ಎಂದು ಹೇಳುತ್ತದೆ ಎಂದರು. ತುತ್ತೂರಿಗಳನ್ನು ಬಿಚ್ಚಿ ಮೂಲೆಗೆ ಒಟ್ಟಿದರು. ಉಳಿವೆಪ್ಪನನ್ನೂ ಮನೆಗೆ ಕಳಿಸಿದರು. ಹನ್ನೊಂದು ಜನರ ಸಂಗತಿಯನ್ನು ಅವನು ಕರೆವ್ವನಿಗೆ ಬಿಟ್ಟು ಯಾರಿಗೂ ಹೇಳಲಿಲ್ಲ. ಅವಳು ಅವತ್ತು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ತುಸು ಹೊತ್ತು ಕೂತು, ಮತ್ತೆ ಬಡಿದಳು.

ಊರಿಗೆ ಬಂದ ಮೇಲೆ ಅವನು ಆ ಕಿವಿಯನ್ನು ಮರೆತು ಬದುಕಬಹುದಿತ್ತು. ಆದರೆ ಐವತ್ತೆರಡರಲ್ಲಿ ಅವನ ಎತ್ತೊಂದು ಹಾನಗಲ್ಲ ಕಡೆಯ ಕುರುಚಲು ಕಾಡಿನಲ್ಲಿ ತಪ್ಪಿಸಿಕೊಂಡಿತು. ಕೊರಳ ಗಂಟೆಯ ಸದ್ದು ಕೇಳುತ್ತದೆ, ಗುಡ್ಡಕ್ಕೆ ಬಡಿದು ನಾಲ್ಕೂ ಕಡೆಯಿಂದ ಬರುತ್ತದೆ, ಎತ್ತು ಮಾತ್ರ ಸಿಗದು. ಉಳಿವೆಪ್ಪ ಸವಣೂರಿನಲ್ಲಿ ತಗಡಿನ ಕೆಲಸ ಮಾಡುವ ಬಂದೇಸಾಬನ ಹತ್ತಿರ ಹೋಗಿ, ಸೀಮೆಎಣ್ಣೆ ಹೊಯ್ಯುವ ಲಾಳಿಕೆಯಂಥವೇ ಆದರೆ ಹಿಟ್ಟು ನಾದುವ ಪರಾತದಷ್ಟು ಅಗಲ ಬಾಯಿಯ ಎರಡು ಲಾಳಿಕೆ ಮಾಡಿಸಿದ. "ಇಷ್ಟು ದೊಡ್ಡ ಬಾಟ್ಲಿ ಎಲ್ಲಿ ಐತೋ ಮಾರಾಯ?" ಎಂದು ಬಂದೇಸಾಬ ನಕ್ಕ. ಎರಡನ್ನೂ ಒಂದು ಹಲಗೆಯ ಎರಡು ತುದಿಗೆ ಬಿಗಿದು, ಸೈಕಲ್ ಟ್ಯೂಬ್ ಜೋಡಿಸಿ ಕಿವಿಗೆ ಇಟ್ಟುಕೊಂಡು, ಹಲಗೆಯನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಗಂಟೆ ತಲೆಯ ನಡುವೆ ಬಂದು ಕೂತಿತು. ಸಂಜೆಯೊಳಗೆ ಎತ್ತು ಕೊಟ್ಟಿಗೆಯಲ್ಲಿತ್ತು. ಅಂದಿನಿಂದ ಅವನು ಲಾಳಿಕೆ ಉಳಿವೆಪ್ಪ.

ಆಮೇಲೆ ಕೇಳಬೇಕೆ? ಮಂದಿಗೆ ಒಂದು ನೆವ ಸಿಕ್ಕರೆ ಸಾಕು. ದನ ತಪ್ಪಿದವರು ಬಂದರು, ಅದು ಸರಿ. ಕಾಡಿನೊಳಗೆ ಏಳು ಗಂಟೆ ಬೆರೆತು ಮೊಳಗುತ್ತಿದ್ದರೂ ಏಳು ಎಂದೇ ಎಣಿಸಿ, ಯಾವುದು ಯಾವ ದಿಕ್ಕಿಗೆ ಎಂದು ಬೆರಳು ಮಾಡುತ್ತಿದ್ದ. ಹಿರೇಕೆರೂರಿನ ಗಿರಣಿಯವರು ಇಂಜಿನ್ ಒಳಗಿನ ಖಟಖಟ ಎಲ್ಲಿಂದ ಎಂದು ಕೇಳಲು ಕರೆದರು, ಅದೂ ಸರಿ. ಆದರೆ ಆಡೂರಿನವನೊಬ್ಬ ಗೋಡೆಯೊಳಗೆ ಸದ್ದಾಗುತ್ತದೆ, ಹೊನ್ನಿನ ಕೊಡವೇ ಇರಬೇಕು ಎಂದು ಗಾಡಿ ಕಟ್ಟಿಕೊಂಡು ಬಂದ. ಉಳಿವೆಪ್ಪ ಹೋಗಿ ಕೇಳಿ, "ಒಂದು ದೊಡ್ಡದೈತಿ, ಐದು ಸಣ್ಣವದಾವ. ಇಲಿ," ಎಂದ. ಮನೆಯವರಿಗೆ ಸಿಟ್ಟು ಬಂದು ಊಟಕ್ಕೂ ಏಳಿಸಲಿಲ್ಲ. ಹಾನಗಲ್ಲಿನ ಒಬ್ಬಳು ಮುದುಕಿ ತನ್ನ ಮೂವರು ಸೊಸೆಯರಲ್ಲಿ ಹಿತ್ತಲಲ್ಲಿ ಕೂತು ತನ್ನನ್ನು ಆಡಿಕೊಳ್ಳುವವರು ಎಷ್ಟು ಮಂದಿ ಎಂದು ತಿಳಿಯಬೇಕಿತ್ತು. "ಮೂರೂ ಮಂದಿ ಅದಾರಬೇ. ಅದಕ್ಕ ಲಾಳಿಕಿ ಬೇಕಿಲ್ಲ," ಎಂದು ಹೇಳಿ ಬಂದ.

ಕರೆದಲ್ಲಿಗೆ ಹೋಗುತ್ತಿದ್ದ. ಒಲ್ಲೆ ಎನ್ನುವುದಕ್ಕೂ ಕಸುವು ಬೇಕಲ್ಲ. ಎಲ್ಲಿಗೆ ಹೋದರೂ ಒಂದು ಅಭ್ಯಾಸ ಮಾತ್ರ ಬಿಡಲಿಲ್ಲ: ಲಾಳಿಕೆಯ ಟ್ಯೂಬನ್ನು ಕಿವಿಗೆ ಇಡುವ ಮೊದಲು ಬಲಗೈ ಎತ್ತುವನು. ಮಿಲ್ಟ್ರಿಯ ಗುಡ್ಡದ ಮೇಲೆ ಕಲಿತದ್ದು. ಆ ಕೈ ಮೇಲೆ ಹೋಯಿತೆಂದರೆ ಮಾತಾಡುವವರು ಮಾತು ನಿಲ್ಲಿಸಬೇಕು, ಅಳುವ ಕೂಸಿನ ಬಾಯಿಗೆ ಮೊಲೆ ಕೊಡಬೇಕು. ಮಂದಿಗೂ ಅದೊಂದು ಗಮ್ಮತ್ತು. "ಉಳಿವೆಪ್ಪ ಕೈ ಎತ್ತಿದ್ರ ಕಾಗಿನೂ ಸುಮ್ನಾಗ್ತಾವ" ಎಂದು ಶಿಗ್ಗಾಂವಿಯ ಚಹದ ಅಂಗಡಿಯಲ್ಲಿ ಹೇಳುತ್ತಿದ್ದರು.

ಅರವತ್ತೊಂದರ ಬೇಸಿಗೆಯಲ್ಲಿ ಊರಿನ ಮಲ್ಲೇಶಪ್ಪ ತನ್ನ ಹೊಲದಲ್ಲಿ ಬಾವಿ ತೋಡಿಸುತ್ತಿದ್ದ. ಊರೂರು ತಿರುಗಿ ಬಾವಿ ತೋಡುವ ಒಂದು ತಂಡ ಬಂದು ಹೊಲದ ಬದುವಿನಲ್ಲೇ ಗುಡಿಸಲು ಹಾಕಿಕೊಂಡಿತ್ತು. ತಂಡಕ್ಕೆ ಯಜಮಾನಿ ದುರಗವ್ವ ಎಂಬ ವಿಧವೆ. ಐವತ್ತರ ಹೆಂಗಸು, ಕಪ್ಪಗೆ, ಗಟ್ಟಿಮುಟ್ಟು. ಅವಳ ಮಕ್ಕಳು ಲಕ್ಕಪ್ಪ ಮತ್ತು ಹೂವಪ್ಪ ಬಾವಿಯ ತಳದಲ್ಲಿ ಅಗೆಯುವವರು. ಮಿಕ್ಕ ಐದಾರು ಜನ ಮಣ್ಣು ಮೇಲೆ ಎಳೆಯುವವರು. ದುರಗವ್ವ ಬಾವಿಯ ದಂಡೆಯಲ್ಲಿ ಒಂದು ಕಲ್ಲಿನ ಪಕ್ಕ ಹಾರೆ ಹಿಡಿದು ನಿಂತಿರುತ್ತಿದ್ದಳು. ಬರಿಯ ಬಾಯಿಮಾತು ತಳಕ್ಕೆ ಮುಟ್ಟುವುದಿಲ್ಲವೆಂದು ಹಾರೆಯಿಂದ ಕಲ್ಲಿಗೆ ಹೊಡೆದು ಹೇಳುವುದು ಅವರ ರೂಢಿ ಎಂದು ದಾರಿಯಲ್ಲಿ ಹೋಗುವವರಿಗೆ ಗೊತ್ತಿರಲಿಲ್ಲ. ಮುದುಕಿಗೆ ಹೊತ್ತು ಹೋಗದೆ ಕಲ್ಲು ಕುಟ್ಟುತ್ತಾಳೆ ಎಂದುಕೊಂಡಿದ್ದರು.

ಆರು ಆಳುದ್ದ ತೋಡಿದರೂ ನೀರು ಜಿನುಗಿತೇ ವಿನಾ ಬೀಳಲಿಲ್ಲ. ಆಗ ತಳದಲ್ಲಿ, ಒಂದೇ ಗೋಡೆಯೊಳಗೆ, ಎರಡು ಅಡ್ಡ ಸುರಂಗ ಕೊರೆಯಲು ಹಚ್ಚಿದರು. ಒಂದು ಎಡಕ್ಕೆ, ಒಂದು ಬಲಕ್ಕೆ. ನಡುವೆ ಹನ್ನೆರಡು ಮೊಳದಷ್ಟು ಮುಟ್ಟದ ಗಟ್ಟಿ ಗರಸುಮಣ್ಣು. ಎಡದ್ದರೊಳಗೆ ಅಣ್ಣ ಲಕ್ಕಪ್ಪ, ಬಲದ್ದರೊಳಗೆ ತಮ್ಮ ಹೂವಪ್ಪ. ಒಂದು ದಿನ ಮುಂಜಾನೆ, ರೊಟ್ಟಿ ತಿಂದು ಇಳಿದ ಒಂದು ತಾಸಿಗೆ, ಆ ಇಡೀ ಗೋಡೆಯ ಮೇಲಿನ ಮಣ್ಣು ಜಾರಿ ಎರಡೂ ಬಾಯಿಗಳನ್ನು ಮುಚ್ಚಿಬಿಟ್ಟಿತು.

ಉಳಿವೆಪ್ಪನನ್ನು ಕರೆಯಲು ಮಲ್ಲೇಶಪ್ಪನೇ ಓಡಿ ಬಂದ. "ಒಳಗಿಂದ ಸಪ್ಪಳ ಬರಾಕತ್ತೈತೋ ಉಳಿವೆಪ್ಪ. ಬಡಿಯಾಕತ್ತಾರ. ಯಾವ ಕಡೆ ಅಂತ ತಿಳಿವಲ್ದು. ಎರಡೂ ಕಡೆ ಒಮ್ಮೆಲೆ ತೋಡಿದ್ರ ಮ್ಯಾಲಿಂದು ಮತ್ತ ಜಾರತೈತಿ ಅಂತಾರ. ಎಲ್ಲೆರ ಒಂದ ಕಡೆ ತೋಡಬೇಕು. ಲಾಳಿಕಿ ತಗೊಂಡು ಲಗೂನ ಬಾ."

ಉಳಿವೆಪ್ಪ ಹಲಗೆಯನ್ನು ಹೆಗಲಿಗೆ ಹಾಕಿಕೊಂಡು ಹೋದ. ಬಾವಿಯ ಸುತ್ತ ಊರೇ ನೆರೆದಿತ್ತು. ಹಗ್ಗ ಹಿಡಿದು ತಳಕ್ಕೆ ಇಳಿದ. ಎದುರಿಗೆ ಜಾರಿದ ಮಣ್ಣಿನ ಗುಡ್ಡೆ. ಒಳಗಿನಿಂದ ಸದ್ದು ಬರುತ್ತಿತ್ತು: ಟಕ್. ನಾಲ್ಕು ಉಸಿರಿನಷ್ಟು ಬಿಡುವು. ಮತ್ತೆ ಟಕ್. ಮೇಲೆ ದಂಡೆಯಲ್ಲಿ ದುರಗವ್ವ ಹಾರೆ ಎತ್ತಿ ಕಲ್ಲಿಗೆ ಹೊಡೆಯಲು ಹೋದಳು, ಏನೋ ಕೂಗಿದಳು ಕೂಡ. ಉಳಿವೆಪ್ಪ ತಲೆ ಎತ್ತಿ ನೋಡದೆಯೇ ಬಲಗೈ ಎತ್ತಿದ. ಪಕ್ಕದಲ್ಲಿದ್ದವರು ಅವಳ ಕೈಯಿಂದ ಹಾರೆ ಕಸಿದುಕೊಂಡರು. "ಸುಮ್ನಿರವ್ವ, ಮಿಲ್ಟ್ರಿ ಮನಶಾ ಕೇಳಾಕತ್ತಾನ," ಎಂದು ಯಾರೋ ಗದರಿದರು.

ಅವನು ಹಲಗೆ ತಿರುಗಿಸಿದ. ಎಡ, ಬಲ, ಎಡ. ಸದ್ದು ಬಂದು ತಲೆಯ ನಡುವೆ ಕೂತಿತು. ಬಹಳ ಚಂದವಾಗಿ ಕೂತಿತು. ಬಂದರಿನ ಗುಡ್ಡ ನೆನಪಾಯಿತು. ಎರಡಿರಬಹುದೆ ಎಂದು ಕೇಳಿಕೊಂಡ. ಮೂರು ಸಲ, ನಾಲ್ಕು ಸಲ ಕಾದು ಕೇಳಿದ. ಪ್ರತಿ ಸಲವೂ ಒಂದೇ ಪೆಟ್ಟು, ಕೂದಲೆಳೆಯಷ್ಟು ಬಿರುಕಿಲ್ಲ. ಅದು ಇಂಜಿನ್, ಇದು ಮನುಷ್ಯರ ಕೈ, ಎಂದು ತನಗೆ ತಾನೇ ಹೇಳಿಕೊಂಡ. ಬೇರೆ ಬೇರೆ ಸುರಂಗದೊಳಗೆ, ಒಬ್ಬರನ್ನೊಬ್ಬರು ಕಾಣದೆ, ಇಬ್ಬರು ಮನುಷ್ಯರು ಒಂದೇ ಗಳಿಗೆಯಲ್ಲಿ ಪೆಟ್ಟು ಹಾಕುವುದುಂಟೆ? ಎರಡು ಹೆಜ್ಜೆ ಸರಿದು ಇನ್ನೊಂದು ಜಾಗದಿಂದ ಕೇಳಬೇಕೆಂದು ಸಾಹೇಬ ಹೇಳಿದ್ದು ನೆನಪಿತ್ತು. ಆದರೆ ಆ ಮಗ್ಗುಲಿನ ಮಣ್ಣು ಸಣ್ಣಗೆ ಉದುರುತ್ತಿತ್ತು, ಮೇಲಿನಿಂದ ಮಲ್ಲೇಶಪ್ಪ "ಏನಾತೋ, ಏನಾತೋ" ಎನ್ನುತ್ತಿದ್ದ, ಬಿಸಿಲು ತಳಕ್ಕೆ ಇಳಿದು ನೆತ್ತಿ ಸುಡುತ್ತಿತ್ತು. ಅವನಿಗೆ ಸಾಕಾಗಿತ್ತು.

"ಒಬ್ಬನ ಅದಾನ. ನಡುವ," ಎಂದು ಮೇಲಕ್ಕೆ ಕೂಗಿದ. "ಸುರಂಗ ಬಿಟ್ಟು ಹೊರಗ ಓಡಾಕ ಹೋಗಿ ನಡುವ ಮಣ್ಣಾಗ ಸಿಕ್ಕಾನ."

ಒಬ್ಬ ಎಂದರೆ ಇನ್ನೊಬ್ಬ ಹೋದ ಎಂದರ್ಥ. ಮೇಲೆ ಹೆಂಗಸರು ಬಾಯಿಗೆ ಸೆರಗು ಹಿಡಿದರು. ದುರಗವ್ವ ಅಳಲಿಲ್ಲ. ದಂಡೆಯಲ್ಲಿ ಬಗ್ಗಿ, "ಇಲ್ರಿ ಯಪ್ಪಾ, ಅದು ಹಂಗಲ್ರಿ, ನಾ ಹೇಳೂದು..." ಎಂದಳು. ಉಳಿವೆಪ್ಪ ಮತ್ತೆ ಕೈ ಎತ್ತಿದ. ತಾಯಿ ಕರುಳು, ಇಬ್ಬರೂ ಬದುಕಿದ್ದಾರೆ ಎಂದೇ ಹೇಳುತ್ತದೆ, ಅದಕ್ಕೆ ಕಿವಿಗೊಟ್ಟರೆ ಕೆಲಸ ಕೆಡುತ್ತದೆ ಎಂದುಕೊಂಡ. ಅವಳು ಸುಮ್ಮನಾದಳು.

ನಡುವೆ ತೋಡಿದರು. ನಾಲ್ಕು ಜನ ಸರದಿಯ ಮೇಲೆ, ಮೇಲಿನಿಂದ ಹಲಗೆ ಒತ್ತು ಕೊಟ್ಟುಕೊಂಡು, ಬುಟ್ಟಿ ಬುಟ್ಟಿಯಾಗಿ ಮಣ್ಣು ತೆಗೆದರು. ಒಂದು ತಾಸು. ಎರಡು ತಾಸು. ಒಳಗಿನ ಟಕ್ ನಿಲ್ಲಲಿಲ್ಲ, ಆದರೆ ಬಿಡುವು ಉದ್ದವಾಗುತ್ತ ಬಂತು. ಮೂರನೆಯ ತಾಸಿಗೆ ಗುದ್ದಲಿ ಗಟ್ಟಿ ಗರಸಿಗೆ ತಾಗಿತು. ಜಾರಿದ ಮಣ್ಣು ಮುಗಿದಿತ್ತು. ಮುಂದೆ ಯಾರೂ ಮುಟ್ಟದ ನಡುಗೋಡೆ. ಅಲ್ಲಿ ಮನುಷ್ಯನೂ ಇರಲಿಲ್ಲ, ಮನುಷ್ಯ ಇರಲು ಜಾಗವೂ ಇರಲಿಲ್ಲ.

ತೋಡುತ್ತಿದ್ದವರು ತಿರುಗಿ ಉಳಿವೆಪ್ಪನ ಮುಖ ನೋಡಿದರು. ಹಿಂದೊಮ್ಮೆ ಖಾಲಿ ಮಂಜನ್ನು ನೋಡಿದ್ದ ಮುಖ ಅದು.

ಆಗ ಮೇಲೆ ದುರಗವ್ವ ಯಾರನ್ನೋ ದಬ್ಬಿ ಹಾರೆ ಕಿತ್ತುಕೊಂಡಳು. ಯಾರಪ್ಪನ ಮಾತೂ ಕೇಳುವ ಹಾಗಿರಲಿಲ್ಲ ಅವಳು. ಹಗ್ಗ ಹಿಡಿದು ಸರಸರನೆ ತಳಕ್ಕೆ ಇಳಿದು, ಆ ನಡುಗೋಡೆಯ ಗರಸಿಗೆ ಹಾರೆಯಿಂದ ಎರಡು ಪೆಟ್ಟು ಹಾಕಿದಳು. ತುಸು ತಡೆದು ಮತ್ತೆ ಎರಡು. ಕಿವಿಯನ್ನು ಗೋಡೆಗೆ ಹಚ್ಚಿ ನಿಂತಳು.

ಒಳಗಿನ ಸದ್ದು ನಿಂತಿತು. ಆಮೇಲೆ ಎಡಗಡೆಯಿಂದ, ಸಣ್ಣಗೆ: ಟಕ್. ಅದರ ಹಿಂದೆಯೇ ಬಲಗಡೆಯಿಂದ: ಟಕ್. ಮತ್ತೆ ಎಡ. ಮತ್ತೆ ಬಲ.

ಲಾಳಿಕೆ ಬೇಕಾಗಲಿಲ್ಲ. ದಂಡೆಯ ಮೇಲಿನ ಕೂಸಿಗೂ ಕೇಳಿಸಿತು.

"ಒಂದು ಪೆಟ್ಟು ಅಂದ್ರ ಕೂಡಿ ಹೊಡೀರಿ ಅಂತ. ಎರಡು ಅಂದ್ರ ಪಾಳಿ ಮ್ಯಾಲ ಹೊಡೀರಿ, ಮೊದಲ ಅಣ್ಣ, ಆಮ್ಯಾಲ ತಮ್ಮ," ಎಂದಳು ದುರಗವ್ವ, ಯಾರ ಮುಖವನ್ನೂ ನೋಡದೆ. "ಸಣ್ಣವರಿದ್ದಾಗಿಂದ ಕಲಿಸೇನಿ. ಗಟ್ಟಿ ಕಲ್ಲು ಬಂದ್ರ ಕೂಡಿ ಹೊಡೀತಾರ. ಒಬ್ಬನ ಕೈ ಇನ್ನೊಬ್ಬಗ ಗ್ವಾಡಿ ಆಚಿಂದನೂ ಗೊತ್ತಾಕ್ಕೈತಿ."

ಉಳಿವೆಪ್ಪನಿಗೆ ಆ ಗಳಿಗೆಯಲ್ಲಿ ರಾಡಾರ್ ನೆನಪಾಯಿತು. ಅವನು ಎರಡು ಪರಾತದಷ್ಟು ಬಾಯಿ ತೆರೆದು ಸುಮ್ಮನೆ ಕೇಳುತ್ತ ಕೂತಿದ್ದ. ಈ ಹೆಂಗಸು ಮೊದಲು ಕೂಗು ಹಾಕಿ, ಬಂದ ಉತ್ತರವನ್ನು ಎಣಿಸಿದಳು. ಮುಂಜಾನೆಯೇ ಎಣಿಸಲು ಬಂದಿದ್ದಳು.

"ಯಾವ ಕಡೆ ಮೊದಲ?" ಎಂದು ಮಲ್ಲೇಶಪ್ಪ ಮೇಲಿನಿಂದ ಕೇಳಿದ. ಎಲ್ಲರೂ ಮತ್ತೆ ಉಳಿವೆಪ್ಪನನ್ನೇ ನೋಡಿದರು, ಇಷ್ಟಾದರೂ ಅವನನ್ನೇ. ಅವನು ದುರಗವ್ವನ ಕಡೆ ತಿರುಗಿದ. ಅವಳು ಗೋಡೆಗೆ ಕೈ ಇಟ್ಟುಕೊಂಡು ನಿಂತಿದ್ದಳು, ಅದನ್ನು ಹೇಳುವುದು ಅವಳಿಂದ ಆಗುವಂತಿರಲಿಲ್ಲ.

"ಎಡಕ್ಕ," ಎಂದ ಉಳಿವೆಪ್ಪ. "ಎಡಗಡಿ ಪೆಟ್ಟು ಸೋತಾವ. ಬಲಗಡಿಯಾಂವ ಗಟ್ಟಿ ಅದಾನ, ತಡೀತಾನ."

ಎಡಕ್ಕೆ ತೋಡಿದರು. ಉಳಿವೆಪ್ಪ ಲಾಳಿಕೆ ಬಿಸಾಕಿ ಬುಟ್ಟಿ ಹಿಡಿದ. ಎರಡು ತಾಸಿಗೆ ಬಾಯಿ ಸಿಕ್ಕಿತು. ಲಕ್ಕಪ್ಪನ ಒಂದು ಕಾಲು ಮೊಣಕಾಲಿನವರೆಗೆ ಮಣ್ಣಿನಲ್ಲಿ ಜಜ್ಜಿಹೋಗಿತ್ತು, ಜೀವ ಇತ್ತು. ಅವನನ್ನು ಕಂಬಳಿಯಲ್ಲಿ ಕಟ್ಟಿ ಮೇಲೆ ಎಳೆಯುವಾಗ ಅವನು ಹೇಳಿದ ಮೊದಲ ಮಾತು, "ಹೂವ್ಯಾ ನಿಲ್ಲಿಸ್ಯಾನ. ನೋಡ್ರಿ ಲಗೂನ." ಯಾವಾಗ ನಿಂತಿತೋ ಈ ಗದ್ದಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಬಲಗಡೆಯ ಬಾಯಿ ತೆರೆಯುವಾಗ ಹೊತ್ತು ಮುಳುಗಲು ಬಂದಿತ್ತು. ಹೂವಪ್ಪನಿಗೆ ಮೈಮೇಲೆ ಒಂದು ಗಾಯವೂ ಇರಲಿಲ್ಲ. ಒಳಗೆ ಗಾಳಿ ಮುಗಿದಿತ್ತು. ಸುತ್ತಿಗೆ ಇನ್ನೂ ಕೈಯಲ್ಲಿತ್ತು, ಕೈ ಇನ್ನೂ ಬೆಚ್ಚಗಿತ್ತು.

ನಡುವೆ ತೋಡಿದ ಮೂರು ತಾಸು ಅವನಿಗೆ ಸಿಕ್ಕಿದ್ದರೆ ಬದುಕುತ್ತಿದ್ದ. ಇದಕ್ಕೆ ಡಾಕ್ಟರು ಬೇಕಿಲ್ಲ, ಯಾರಿಗಾದರೂ ತಿಳಿಯುತ್ತದೆ.

ಯಾರಿಗಾದರೂ ತಿಳಿಯಬೇಕಿತ್ತು ಎನ್ನಬೇಕು. ಮಂದಿಯ ನಾಲಿಗೆಗೆ ಬಂದದ್ದು ಬೇರೆಯೇ. ಮರುವಾರವೇ ಶಿಗ್ಗಾಂವಿ ಸಂತೆಯಲ್ಲಿ ಮಾತು ಹಬ್ಬಿತು: ಉಳಿವೆಪ್ಪ ಬಾವಿಗೆ ಇಳಿದವನೇ ಒಬ್ಬನೇ ಎಂದನಂತೆ, ತಾಯಿ ಇಬ್ಬರೂ ಬದುಕಿದ್ದಾರೆ ಎಂದು ಹಟ ಮಾಡಿದಳಂತೆ, ಕಡೆಗೆ ನೋಡಿದರೆ ಬದುಕಿ ಬಂದವನು ಒಬ್ಬನೇ! ಎಂಥ ಕಿವಿ! ಸಾವೂ ಅವನಿಗೆ ಮೊದಲೇ ಕೇಳಿಸುತ್ತದೆ! ಎರಡು ಪೆಟ್ಟು ಕೇಳಿದವರೇ ಹೀಗೆ ಹೇಳಿಕೊಂಡು ತಿರುಗಿದರು. ಬಾವಿಯ ದಂಡೆಯಲ್ಲಿ ನಿಂತು ಎರಡನ್ನೂ ಕೇಳಿದ ಮಲ್ಲೇಶಪ್ಪನೂ ಬೀಗರ ಮುಂದೆ ಹಾಗೇ ಹೇಳಿದ. ಉಳಿವೆಪ್ಪ ಸುರುವಿಗೆ ತಿದ್ದಲು ನೋಡಿದ. "ಇಲ್ಲಪಾ, ನಾ ಹೇಳಿದ್ದು ತಪ್ಪು. ಇಬ್ಬರೂ ಇದ್ರು," ಎಂದರೆ, ದೊಡ್ಡವರ ಲಕ್ಷಣ ನೋಡಿ, ಸೊಕ್ಕೇ ಇಲ್ಲ ಎಂದು ಇನ್ನೊಂದು ಮಾತು ಸೇರಿಸಿಕೊಂಡರು. ನಾಲ್ಕು ಸಲ ತಿದ್ದಿ, ಐದನೆಯ ಸಲಕ್ಕೆ ಬಿಟ್ಟ. ಕರೆಯಲು ಬರುವವರು ಮೊದಲಿಗಿಂತ ಇಮ್ಮಡಿಯಾದರು.

ಅವನು ಲಾಳಿಕೆಗಳನ್ನು ಹಲಗೆಯಿಂದ ಬಿಚ್ಚಿದ. ಒಂದನ್ನು ಕರೆವ್ವ ಕಡಲೆ ಹೊಟ್ಟನ್ನು ಚೀಲಕ್ಕೆ ತುಂಬಲು ಇಟ್ಟುಕೊಂಡಳು, ಇನ್ನೊಂದು ಮಾಡಿನ ಸೋರುವ ಜಾಗದಲ್ಲಿ ಹೋಗಿ ಕೂತಿತು. ಬಂದವರಿಗೆ ಅವನು ಒಂದೇ ಪ್ರಶ್ನೆ ಕೇಳಿ ಕಳಿಸುತ್ತಿದ್ದ: "ಮನ್ಯಾಗ ಹೆಣ್ಣಮಕ್ಕಳನ್ನ ಕೇಳಿದ್ರೇನು? ದನಾ ಕಾಯಾವರನ್ನ ಕೇಳಿದ್ರೇನು? ಅವರನ್ನ ಕೇಳಿ ಆದಮ್ಯಾಲ ಬರ್ರಿ." ತಲೆ ಕೆಟ್ಟಿದೆ ಎಂದು ಕೆಲವರು, ಬೆಲೆ ಏರಿಸಿಕೊಂಡಿದ್ದಾನೆ ಎಂದು ಕೆಲವರು ಮಾತಾಡಿದರು. ಅಂಗಳದಲ್ಲಿ ಕೋಳಿ ಓಡಿಸಲು ಬಲಗೈ ಎತ್ತಿದವನು ನಡುವೆಯೇ ಇಳಿಸಿಬಿಡುವುದನ್ನು ಕರೆವ್ವ ನೋಡಿದ್ದಳು.

ಒಂದು ದಿನ ಅವಳೇ ಅಂದಳು. "ಹಿಂಗ ಎಷ್ಟ ದಿನಾ ಕುಂದ್ರತೀರಿ? ಹೋಗಿ ಆಕೀ ಮುಂದ ಹೇಳಿ ಬರ್ರಿ. ಬೈದ್ರ ಬೈಸಿಕೊಂಡು ಬರ್ರಿ."

ದೀಪಾವಳಿ ಮುಗಿದ ಮೇಲೆ, ದುರಗವ್ವನ ತಂಡ ರಟ್ಟೀಹಳ್ಳಿಯ ಹತ್ತಿರ ಕೆಲಸ ಹಿಡಿದಿದೆ ಎಂದು ತಿಳಿದು ಹೊರಟ. ಎರಡು ಬಸ್ಸು ಬದಲಿಸಿ, ಉಳಿದದ್ದನ್ನು ನಡೆದ. ಒಂದು ಹೊಲದಲ್ಲಿ ಹೊಸ ಮಣ್ಣಿನ ರಾಶಿ ಕಂಡಿತು. ದುರಗವ್ವ ದಂಡೆಯಲ್ಲಿ ಕಲ್ಲಿನ ಪಕ್ಕ ಕೂತಿದ್ದಳು, ಹಾರೆ ತೊಡೆಯ ಮೇಲಿತ್ತು. ಆರೇ ತಿಂಗಳಲ್ಲಿ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನನ್ನು ಕಂಡು ಎದ್ದು ನಿಂತಳು.

"ಬರ್ರಿ. ಬಿಸಲಾಗ ಬಂದೀರಿ. ಕುಂದರ್ರಿ," ಎಂದು ತಂಬಿಗೆ ನೀರು ಕೊಟ್ಟಳು.

ಅವನು ನೀರು ಕುಡಿದು, ತಂಬಿಗೆ ಕೆಳಗಿಡದೆ ಹೇಳಿದ. "ದುರಗವ್ವ, ಅವತ್ತು ಒಳಗ ಇಬ್ಬರಿದ್ರು. ನಾ ಒಬ್ಬನ ಅಂದ್ನಿ. ಮೂರು ತಾಸು ಹಾಳ ಮಾಡಿದ್ನಿ. ಮಂದಿ ಏನರ ಹೇಳಲಿ, ನಿನ್ನ ಮಗ ಹೋಗಿದ್ದು ನನ್ನಿಂದ."

ಅವಳು ತಂಬಿಗೆಯನ್ನು ಅವನ ಕೈಯಿಂದ ತೆಗೆದುಕೊಂಡು ಕಲ್ಲಿನ ಮೇಲಿಟ್ಟಳು. ಪಕ್ಕದಲ್ಲಿ ಮಣ್ಣು ಎಳೆಯುವವರ ಹಗ್ಗ ಗರಗರ ಎನ್ನುತ್ತಿತ್ತು.

"ನನಗ ಗೊತ್ತಿತ್ರಿ," ಎಂದಳು. "ನೀವು ಬಾವಿಗೆ ಇಳಿಯೂಕಿಂತ ಮೊದಲ ಗೊತ್ತಿತ್ತು. ಒಬ್ಬನ ಪೆಟ್ಟಿಗೆ ಅಷ್ಟು ತೂಕ ಇರೂದಿಲ್ಲ. ಕೂಡಿ ಹೊಡದ್ರ ಮ್ಯಾಲಿನವರಿಗೆ ಚಲೋ ಕೇಳತೈತಿ ಅಂತ ಹಂಗ ಹೊಡ್ಯಾಕತ್ತಿದ್ರು. ಲಕ್ಕಪ್ಪನೂ ಅದನ್ನ ಹೇಳಿದ. ನಾ ಎರಡ ಸಲ ಹೇಳಾಕ ಬಂದ್ನಿ. ನೀವು ಕೈ ಎತ್ತಿದ್ರಿ."

"ಹೌದು. ಎತ್ತಿದ್ನಿ."

"ಎತ್ತಿದ್ರ ಏನಾತ್ರಿ? ನನಗ ಬಾಯಿರಲಿಲ್ಲೇನು? ನಾ ಯಾಕ ಸುಮ್ನಾದ್ನಿ? ಮಿಲ್ಟ್ರಿಯವರು, ಯಂತ್ರ ತಂದಾರ, ನಮಗಿಂತ ಅವರಿಗೆ ತಿಳೀತೈತಿ ಅಂತ ಸುಮ್ನಾದ್ನಿ. ಸ್ವಂತ ಮಕ್ಕಳ ಕೈ ಪೆಟ್ಟು ನನಗ ತಿಳೀಲಿಲ್ಲ ಅಂತ ನಾನ ನಂಬಿದ್ನಿ." ಅವಳ ದನಿ ಏರಲಿಲ್ಲ. "ಮೂರು ತಾಸು ನಂಬಿದ್ನಿ ನೋಡ್ರಿ."

ಉಳಿವೆಪ್ಪನಿಗೆ ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಬೈಸಿಕೊಂಡು ಹೋಗಲು ಬಂದವನು, ಅವಳ ಪಾಲಿನದನ್ನೂ ನೋಡಿಕೊಂಡು ಕೂರಬೇಕಾಯಿತು. ತಾನು ಎತ್ತಿದ ಕೈ ಅವಳ ಬಾಯಿಯನ್ನಷ್ಟೇ ಮುಚ್ಚಿಸಿರಲಿಲ್ಲ.

ಕೆಳಗಿನಿಂದ ಯಾರೋ ಕೂಗಿದರು, ಕಲ್ಲು ಬಂದಿದೆ ಎಂದು. ಬಗ್ಗಿ ನೋಡಿದರೆ ತಳದಲ್ಲಿ ಲಕ್ಕಪ್ಪ, ಒಂದು ಕಾಲನ್ನು ಚಾಚಿ ಕೂತು, ಬಂಡೆಯ ಮೇಲೆ ಉಳಿ ಇಟ್ಟು ಕಾಯುತ್ತಿದ್ದ. ದುರಗವ್ವ ಹಾರೆ ಎತ್ತಿ 'ಹೊಡೀ' ಎಂದು ಕಲ್ಲಿಗೆ ಎರಡು ಪೆಟ್ಟು ಹಾಕಿದಳು. ಕೆಳಗಿನಿಂದ ಒಂದು ಪೆಟ್ಟು ಕೇಳಿತು. ಆಮೇಲೆ ಇನ್ನೊಂದು ಪೆಟ್ಟು ಬೀಳಬೇಕಾದಷ್ಟು ಹೊತ್ತು ಏನೂ ಇಲ್ಲ. ಮತ್ತೆ ಒಂದು ಪೆಟ್ಟು. ಮತ್ತೆ ಅಷ್ಟೇ ಹೊತ್ತು ಖಾಲಿ.

ಉಳಿವೆಪ್ಪ ತುಸು ಹೊತ್ತು ಕೇಳಿದ. "ಒಬ್ಬನ ಅದಾನಲ್ಲ ದುರಗವ್ವ," ಎಂದ. "ಪಾಳಿ ಪೆಟ್ಟು ಯಾಕ ಹೊಡೀತಿ?"

"ಒಂದು ಹೊಡದ್ರ ಕೂಡಿ ಹೊಡೀಬೇಕ್ರಿ ಅವ," ಎಂದಳು ದುರಗವ್ವ. "ಯಾರ ಕೂಡ ಹೊಡೀತಾನ?"

ಸಂಜೆಯ ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಅವನು ಅಲ್ಲೇ ಮಣ್ಣಿನ ರಾಶಿಯ ಮೇಲೆ ಕೂತ, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡು. ಲಕ್ಕಪ್ಪ ಹೊಡೆದು ನಿಲ್ಲಿಸುವುದನ್ನೂ, ಆಮೇಲೆ ತಮ್ಮನ ಸರದಿ ಮುಗಿಯುವವರೆಗೆ ಕಾಯುವುದನ್ನೂ ಕೇಳಿದ.